ಅಂಗವೈಕಲ್ಯ ಪಿಂಚಣಿ: ಮೇಲ್ಮನವಿಯ ಗಡುವು ತಪ್ಪಿದ ಮೇಲೆ ಹಿಡಿಯಬೇಕಾದ ದಾರಿ

ಸೇನೆಯಿಂದ ಬಿಡುಗಡೆಯಾಗುವಾಗ ಮೆಡಿಕಲ್ ಬೋರ್ಡ್‌ನವರು ಕಾಯಿಲೆಯ ಎದುರು 'ಎನ್‌ಎಎನ್‌ಎ' ಎಂದು ಬರೆದರೆ ಅಂಗವೈಕಲ್ಯ ಪಿಂಚಣಿ ಅಲ್ಲಿಗೇ ನಿಲ್ಲುತ್ತದೆ. ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂಬುದು ಅದರ ಅರ್ಥ. ಕೆಲವು ತಿಂಗಳ ಮೇಲೆ, ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ಸ್ ಕಚೇರಿಯಿಂದ ಮನೆಗೆ ತಿರಸ್ಕಾರದ ಪತ್ರ ಬರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂಬ ಸಾಲು ಆ ಪತ್ರದ ಕೊನೆಗೆ ಇರುತ್ತದೆ. ಎಷ್ಟೋ ಮನೆಗಳಲ್ಲಿ ಪತ್ರ ಡಿಸ್ಚಾರ್ಜ್ ಬುಕ್ಕಿನ ನಡುವೆ ಸೇರಿಕೊಂಡು, ವರ್ಷಗಳಾದ ಮೇಲೆ ಬೇರೇನನ್ನೋ ಹುಡುಕುವಾಗ ಕೈಗೆ ಸಿಗುತ್ತದೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. 'ಇನ್ನೇನೂ ಮಾಡುವುದಕ್ಕಾಗುವುದಿಲ್ಲ' ಎಂದು ಯಾರೋ ಹೇಳುತ್ತಾರೆ, ಮನೆಯವರು ನಂಬುತ್ತಾರೆ.

ಆ ಮಾತು ತಪ್ಪು. ಗಡುವು ತಪ್ಪಿದ ಮಾತ್ರಕ್ಕೆ ಪಿಂಚಣಿಯ ಹಕ್ಕು ಸಾಯುವುದಿಲ್ಲ. ಕರಗುವುದು ಹಿಂಬಾಕಿ, ಅದೂ ತಿಂಗಳು ತಿಂಗಳಿಗೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಆ ಕರಗುವಿಕೆಯನ್ನು ನಿಲ್ಲಿಸುವುದಕ್ಕಾಗಿ.

ಮೊದಲು ಗಡುವುಗಳನ್ನು ಬಿಡಿಸಿ ನೋಡಬೇಕು. ಅವು ಒಂದಕ್ಕಿಂತ ಹೆಚ್ಚಿವೆ, ಪ್ರತಿಯೊಂದೂ ಬೇರೆ ಬೇರೆ ದಿನದಿಂದ ಓಡುತ್ತದೆ. ತಿರಸ್ಕಾರದ ಪತ್ರ ಕೈಗೆ ಬಂದ ದಿನದಿಂದ ಆರು ತಿಂಗಳೊಳಗೆ ಮೊದಲ ಅಪೀಲು. ಅದನ್ನು ರೆಕಾರ್ಡ್ಸ್ ಮೂಲಕ ಮೊದಲ ಮೇಲ್ಮನವಿ ಸಮಿತಿಗೆ, ಅಂದರೆ ಎಸಿಎಫ್‌ಎಗೆ ಕಳಿಸುವುದು. ಅಲ್ಲಿಯೂ ಸೋತರೆ ಎರಡನೇ ಅಪೀಲು ಎಸ್‌ಎಸಿಪಿ ಸಮಿತಿಗೆ, ಅದಕ್ಕೂ ಆರು ತಿಂಗಳು. ಇಲಾಖೆಯೊಳಗಿನ ದಾರಿ ಇಷ್ಟು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಇದರ ಪೀಠ ಇರುವುದು ಕೊಚ್ಚಿಯಲ್ಲಿ. ನಿವೃತ್ತರಾದವರು ತಾವು ವಾಸವಿರುವ ಊರು ಯಾವ ಪೀಠದ ವ್ಯಾಪ್ತಿಗೆ ಬರುತ್ತದೋ ಅಲ್ಲಿಯೇ ಅರ್ಜಿ ಹಾಕಬಹುದು. ಕೊನೆಯ ಪೋಸ್ಟಿಂಗ್ ಲೇಹ್‌ನಲ್ಲಿತ್ತು, ಜಮ್ಮುವಿಗೋ ಚಂಡೀಗಢಕ್ಕೋ ಹೋಗಬೇಕು ಎಂದುಕೊಂಡು ಕೈಚೆಲ್ಲುವ ಅಗತ್ಯವಿಲ್ಲ.

ನ್ಯಾಯಮಂಡಳಿಯ ಗಡುವು 2007ರ ಕಾಯ್ದೆಯ ಸೆಕ್ಷನ್ 22ರಲ್ಲಿದೆ. ಅಪೀಲಿನ ಮೇಲೆ ಅಂತಿಮ ಆದೇಶ ಆಗಿದ್ದರೆ, ಆದೇಶ ಆದ ದಿನದಿಂದ ಆರು ತಿಂಗಳು. ಇಲ್ಲಿ ಎಚ್ಚರ ಬೇಕು: ಕಾಯ್ದೆ ಹೇಳುವುದು ಆದೇಶ ಆದ ದಿನವನ್ನು, ಅದು ನಿಮ್ಮ ಕೈಗೆ ಬಂದ ದಿನವನ್ನಲ್ಲ. ಇಲಾಖೆಯೊಳಗಿನ ಅಪೀಲಿನ ಲೆಕ್ಕವನ್ನೇ ಇಲ್ಲಿಗೂ ಹಚ್ಚಿ ಗಡುವು ತಪ್ಪಿಸಿಕೊಳ್ಳುವವರು ಬಹಳ. ಉದಾಹರಣೆಗೆ ಆದೇಶದ ಮೇಲಿನ ತಾರೀಖು 2024ರ ಫೆಬ್ರವರಿ 12 ಎಂದುಕೊಳ್ಳಿ. ಗಡುವು ಆಗಸ್ಟ್ 12ಕ್ಕೆ ಮುಗಿಯಿತು. ಅರ್ಜಿ ಕೊಚ್ಚಿಯ ರಿಜಿಸ್ಟ್ರಿಗೆ ಸೇರಿದ್ದು 2025ರ ಜನವರಿ 20ರಂದು ಎಂದಾದರೆ ವಿಳಂಬ 161 ದಿನ. ಪತ್ರ ಮನೆಗೆ ಬಂದದ್ದೇ ಏಪ್ರಿಲ್‌ನಲ್ಲಿ ಎನ್ನುವುದು ಆ 161 ದಿನಗಳಿಗೆ ಕೊಡುವ ಸಮಜಾಯಿಷಿಯ ಒಂದು ಭಾಗವಾಗುತ್ತದೆ, ದಿನ ಎಣಿಸುವುದಂತೂ ಫೆಬ್ರವರಿಯಿಂದಲೇ. ಆದ್ದರಿಂದ ಆ ಲಕೋಟೆಯನ್ನು ಬಿಸಾಡಬೇಡಿ. ಅದರ ಮೇಲಿನ ಅಂಚೆ ಮುದ್ರೆ ನಿಮ್ಮ ಪರವಾಗಿ ಮಾತಾಡುವ ಕಾಗದ. ಸ್ಪೀಡ್ ಪೋಸ್ಟ್ ಟ್ರ್ಯಾಕಿಂಗ್ ವಿವರ ವೆಬ್‌ಸೈಟಿನಲ್ಲಿ ಬಹಳ ದಿನ ಉಳಿಯುವುದಿಲ್ಲ, ಕಂಡ ದಿನವೇ ಪ್ರಿಂಟ್ ತೆಗೆದಿಡಿ.

ಅಪೀಲಿಗೆ ಉತ್ತರವೇ ಬರದಿದ್ದರೆ ಲೆಕ್ಕ ಬೇರೆ. ಆರು ತಿಂಗಳು ಕಾಯಬೇಕು, ಆ ಆರು ತಿಂಗಳು ಮುಗಿದ ಮೇಲೆ ಇನ್ನು ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. 2024ರ ಮಾರ್ಚ್ 5ರಂದು ಅಪೀಲು ಕೊಟ್ಟಿದ್ದರೆ ಸೆಪ್ಟೆಂಬರ್ 5ರವರೆಗೆ ಕಾಯುವ ಅವಧಿ, 2025ರ ಮಾರ್ಚ್ 5ರವರೆಗೆ ಅರ್ಜಿ ಹಾಕುವ ಅವಧಿ. ಇಲಾಖೆ ಉತ್ತರ ಕೊಡುವ ತನಕ ನಮ್ಮ ಗಡುವು ಓಡುವುದಿಲ್ಲ ಎಂಬ ನಂಬಿಕೆ ಹಳ್ಳಿಯಿಂದ ಬೆಂಗಳೂರಿನ ತನಕ ಇದೆ. ಮೌನವೂ ಗಡುವನ್ನು ಓಡಿಸುತ್ತದೆ.

ಇದಕ್ಕಿಂತ ದೊಡ್ಡ ಬಲೆ ರಿಮೈಂಡರ್. ಮೊದಲ ತಿರಸ್ಕಾರದ ನಂತರ ರೆಕಾರ್ಡ್ಸ್‌ಗೆ ಒಂದು ಪತ್ರ, ಮುಖ್ಯ ಕಚೇರಿಗೆ ಇನ್ನೊಂದು, ಸಂಸದರ ಶಿಫಾರಸಿನೊಂದಿಗೆ ಮತ್ತೊಂದು, ಪಿಂಚಣಿ ಅದಾಲತ್‌ಗೆ ಒಂದು. ಪ್ರತಿಯೊಂದಕ್ಕೂ 'ನಿಮ್ಮ ಪ್ರಕರಣವನ್ನು ಈಗಾಗಲೇ ತೀರ್ಮಾನಿಸಲಾಗಿದೆ' ಎಂಬ ಎರಡು ಸಾಲಿನ ಉತ್ತರ. ಆ ಉತ್ತರದ ತಾರೀಖಿನಿಂದ ಗಡುವು ಹೊಸದಾಗಿ ಶುರುವಾಗುತ್ತದೆ ಎಂದು ತಿಳಿಯುವುದು ತಪ್ಪು. ಕಾನೂನಿನಲ್ಲಿ ಹೇಳದೆ ಇರುವ ಮನವಿಗಳನ್ನು ಎಷ್ಟು ಸಲ ಕೊಟ್ಟರೂ ಕಾಲಮಿತಿ ಬೆಳೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ, 2008ರ ಸಿ. ಜೇಕಬ್ ಪ್ರಕರಣದಲ್ಲೂ ಅದೇ ಧಾಟಿ. ನಾವು ಇಂಥ ಕಡತ ಬಿಡಿಸಿದಾಗ ಮೊದಲು ನೋಡುವುದು ಯಾವ ಕಾಗದ ಕಾಯ್ದೆ ಒಪ್ಪುವ ಅಪೀಲು, ಯಾವುದು ಬರೀ ರಿಮೈಂಡರ್ ಎಂಬುದನ್ನು. ಕೆಂಪು ಪೆನ್ನಿನಲ್ಲಿ ಗುರುತು ಹಾಕುವಷ್ಟು ಮುಖ್ಯ ಅದು. ರಿಮೈಂಡರ್‌ಗಳು ಪೂರ್ತಿ ದಂಡವಲ್ಲ. ಇವರು ಸುಮ್ಮನೆ ಕೂತಿರಲಿಲ್ಲ ಎಂದು ತೋರಿಸುವುದಕ್ಕೆ ಅವು ಬೇಕು. ಗಡುವನ್ನು ಮಾತ್ರ ಅವು ಕಾಯುವುದಿಲ್ಲ.

ಎರಡನೇ ಅಪೀಲು ಹಾಕದೆ ನೇರ ನ್ಯಾಯಮಂಡಳಿಗೆ ಹೋಗಬಹುದೇ ಎಂದು ಕೇಳುತ್ತಾರೆ. ಇಲಾಖೆಯ ದಾರಿಗಳನ್ನು ಬಳಸದಿದ್ದರೆ 'ಸಾಮಾನ್ಯವಾಗಿ' ಅರ್ಜಿ ಸ್ವೀಕರಿಸಬಾರದು ಎಂದು ಸೆಕ್ಷನ್ 21 ಹೇಳುತ್ತದೆ. ಆ 'ಸಾಮಾನ್ಯವಾಗಿ'ಯಲ್ಲಿ ಪೀಠಕ್ಕೆ ವಿವೇಚನೆ ಇದೆ. ಮೊದಲ ಅಪೀಲನ್ನೂ ಹಾಕಿಲ್ಲದವರು, ವಿಳಂಬದ ಕಾರಣವನ್ನು ಬರೆದು, ಈಗಲಾದರೂ ಅದನ್ನು ರೆಕಾರ್ಡ್ಸ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು. ಅವಧಿ ಮೀರಿದೆ ಎಂದು ಅವರು ವಾಪಸ್ ಕಳಿಸಿದರೆ ಆ ವಾಪಸಾತಿಯ ಪತ್ರವೇ ನ್ಯಾಯಮಂಡಳಿಯ ಮುಂದೆ ಇಡುವ ದಾಖಲೆಯಾಗುತ್ತದೆ.

ಮುಂದಿನದು ಕಾಗದ ಕೂಡಿಸುವ ಕೆಲಸ. ತಡ ಆಗುವುದು ಹೆಚ್ಚಾಗಿ ಇಲ್ಲಿಯೇ. ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯಲ್ಲಿರುವ ಮೆಡಿಕಲ್ ಬೋರ್ಡ್ ನಡಾವಳಿ ಕೇಸಿನ ಜೀವ. ಅದರಲ್ಲಿ ಶೇಕಡಾವಾರು ಅಂಗವೈಕಲ್ಯ ಇರುತ್ತದೆ, ಕಾಯಿಲೆ ಮೊದಲು ಕಾಣಿಸಿಕೊಂಡ ತಾರೀಖು ಮತ್ತು ಜಾಗ ಇರುತ್ತದೆ, ಬೋರ್ಡ್‌ನ ಅಭಿಪ್ರಾಯ ಮತ್ತು ಕಾರಣ ಇರುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ನಿಮ್ಮ ರೆಕಾರ್ಡ್ಸ್ ಕಚೇರಿಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ (ಎಂಇಜಿ) ಬೆಂಗಳೂರು, ಸಿಗ್ನಲ್ಸ್‌ನವರಿಗೆ ಜಬಲ್‌ಪುರ, ಸೇನೆಯ ಯಂತ್ರೋಪಕರಣ ವಿಭಾಗವಾದ ಇಎಂಇಯವರಿಗೆ ಸಿಕಂದರಾಬಾದ್, ಆರ್ಟಿಲರಿಯವರಿಗೆ ನಾಸಿಕ್. 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಕಾಲಾವಧಿ.

ಅರ್ಜಿಯಲ್ಲಿ 'ನನ್ನ ಎಲ್ಲ ದಾಖಲೆ ಕೊಡಿ' ಎಂದು ಬರೆದರೆ ಅರ್ಧಂಬರ್ಧ ಬರುತ್ತದೆ. ಒಂದೊಂದನ್ನೂ ಹೆಸರು ಹೇಳಿ ಕೇಳಿ. ಮೆಡಿಕಲ್ ಬೋರ್ಡ್ ನಡಾವಳಿಯ ಎಲ್ಲ ಪುಟ, ಭರ್ತಿಯಾಗುವಾಗಿನ ವೈದ್ಯಕೀಯ ಪರೀಕ್ಷೆಯ ದಾಖಲೆ, ತಿರಸ್ಕಾರದ ಪತ್ರ, ಮೊದಲ ಅಪೀಲು ಅವರ ಕಚೇರಿಗೆ ತಲುಪಿದ ತಾರೀಖು, ಅಪೀಲನ್ನು ತಳ್ಳಿಹಾಕಿದಾಗ ಪಡೆದ ವೈದ್ಯಕೀಯ ಅಭಿಪ್ರಾಯ. ಇವುಗಳ ಜೊತೆಗೆ ಬಹಳ ಜನ ಕೇಳದೆ ಬಿಡುವ ಒಂದಿದೆ: ತಿರಸ್ಕಾರದ ಪತ್ರವನ್ನು ರವಾನಿಸಿದ ರಿಜಿಸ್ಟರಿನ ನಮೂದು ಮತ್ತು ಅಂಚೆ ರಸೀದಿಯ ನಕಲು. ಪತ್ರವನ್ನು ನಿಜಕ್ಕೂ ಕಳಿಸಿದ್ದರೇ, ಯಾವ ವಿಳಾಸಕ್ಕೆ ಕಳಿಸಿದ್ದರು ಎಂಬುದು ಅಲ್ಲಿ ಗೊತ್ತಾಗುತ್ತದೆ. ಭರ್ತಿಯಾದಾಗ ಬರೆಸಿದ ಹಳೇ ಮನೆಯ ವಿಳಾಸಕ್ಕೆ ಹೋಗಿದೆ, ಮನೆ ಬದಲಾಗಿ ವರ್ಷಗಳೇ ಆಗಿವೆ ಎಂದಾದರೆ, ವಿಳಂಬಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಸಿಗುವುದು ಕಷ್ಟ.

ತೀರಾ ಹಳೆಯ ಪ್ರಕರಣಗಳಲ್ಲಿ ಇನ್ನೊಂದು ಅಪಾಯವಿದೆ. ಪಿಂಚಣಿಯಿಲ್ಲದೆ ಮನೆಗೆ ಬಂದವರ ಸೇವಾ ದಾಖಲೆಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುವುದಕ್ಕೆ ಸೇನೆಯ ನಿಯಮದಲ್ಲೇ ಅವಕಾಶವಿದೆ. 'ದಾಖಲೆ ಲಭ್ಯವಿಲ್ಲ' ಎಂಬ ಉತ್ತರ ಬಂದರೆ, ಸೇವೆಯ ಮುಖ್ಯ ವಿವರಗಳನ್ನು ಬರೆದಿಡುವ ಲಾಂಗ್ ರೋಲ್‌ನ ನಕಲು ಕೇಳಿ, ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್‌ನಲ್ಲಿ ಬಿಡುಗಡೆಯ ಕಾರಣದ ಸಾಲು ಏನಿದೆ ನೋಡಿ. 'ಲೋ ಮೆಡಿಕಲ್ ಕೆಟಗರಿ' (ಆರೋಗ್ಯದ ದರ್ಜೆ ಇಳಿದಿದೆ) ಎಂಬ ಮಾತು ಅಲ್ಲಿದ್ದರೆ ಅದೇ ಹಿಡಿತ.

ಈಗ ವಿಳಂಬ ಮನ್ನಾ ಅರ್ಜಿ. ಮೂಲ ಅರ್ಜಿಗೆ ಓಎ ಎನ್ನುತ್ತಾರೆ, ಅದರ ಜೊತೆಗೆ ಎಂಎ ಎಂಬ ಪೂರಕ ಅರ್ಜಿಯನ್ನೂ ಅಫಿಡವಿಟ್ಟನ್ನೂ ಒಟ್ಟಿಗೇ ಸಲ್ಲಿಸಬೇಕು. ಸಾಕಷ್ಟು ಕಾರಣ ಇತ್ತು ಎಂದು ಮನವರಿಕೆಯಾದರೆ ಗಡುವು ಮೀರಿದ ಅರ್ಜಿಯನ್ನೂ ಸ್ವೀಕರಿಸುವ ಅಧಿಕಾರ ಸೆಕ್ಷನ್ 22ರಲ್ಲೇ ಇದೆ. 'ಪಿಂಚಣಿ ತಿಂಗಳು ತಿಂಗಳಿಗೆ ಹುಟ್ಟುವ ಹಕ್ಕು, ನಮಗೆ ವಿಳಂಬವೇ ಇಲ್ಲ' ಎಂಬ ವಾದವನ್ನು ನೆಚ್ಚಿ ಎಂಎ ಬಿಡುವ ವಕೀಲರೂ ಇದ್ದಾರೆ. ಬಿಡಬಾರದು. ವಾದ ಇರಲಿ, ಎಂಎ ಕೂಡ ಇರಲಿ.

ಅಫಿಡವಿಟ್‌ನಲ್ಲಿ ಮೊದಲು ಬೇಕಾದ್ದು ದಿನಗಳ ಸಂಖ್ಯೆ. 'ಸ್ವಲ್ಪ ವಿಳಂಬ', 'ಸುಮಾರು 5 ತಿಂಗಳು' ಎಂದು ಬರೆದರೆ ರಿಜಿಸ್ಟ್ರಿಯವರು ಆಕ್ಷೇಪ ಹಾಕುತ್ತಾರೆ. ಆಮೇಲೆ ಆ ಅವಧಿಯನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡಿಗೂ ಒಂದು ಕಾಗದ ಜೋಡಿಸಬೇಕು. 'ಕೌಟುಂಬಿಕ ತೊಂದರೆಗಳಿಂದ ತಡವಾಯಿತು' ಎಂಬ ಸಾಲು ಏನನ್ನೂ ಸಾಬೀತು ಮಾಡುವುದಿಲ್ಲ. 'ಸೆಪ್ಟೆಂಬರ್ 3ರಿಂದ 19ರವರೆಗೆ ಒಳರೋಗಿಯಾಗಿದ್ದೆ, ಡಿಸ್ಚಾರ್ಜ್ ಸಮರಿ ಅನುಬಂಧ 4. ಸೆಪ್ಟೆಂಬರ್ 27ರಂದು ಮಾಹಿತಿ ಹಕ್ಕು ಅರ್ಜಿ ಹಾಕಿದೆ, ರಸೀದಿ ಅನುಬಂಧ 5. ನವೆಂಬರ್ 14ರಂದು ದಾಖಲೆ ಬಂತು, ಲಕೋಟೆ ಅನುಬಂಧ 6' ಎಂದು ಬರೆದರೆ ಎದುರು ಪಕ್ಷದ ವಕೀಲರಿಗೆ ಹಿಡಿಯಲು ಜಾಗ ಸಿಗುವುದಿಲ್ಲ. ತುಂಬಲಾಗದ ಒಂದೆರಡು ವಾರದ ಖಾಲಿ ಉಳಿದರೆ ಉಳಿಯಲಿ. ಪ್ರತಿ ದಿನದ ವಿಳಂಬಕ್ಕೂ ಲೆಕ್ಕ ಕೊಡಬೇಕು ಎಂಬುದನ್ನು ಅಕ್ಷರಶಃ ಹಿಡಿದು ಕೂರಬಾರದು ಎಂದು 1987ರ ಕಾತಿಜಿ ತೀರ್ಪು ಹೇಳುತ್ತದೆ. ಖಾಲಿಯನ್ನು ಸುಳ್ಳು ವೈದ್ಯಕೀಯ ಪ್ರಮಾಣಪತ್ರದಿಂದ ತುಂಬಲು ಹೋದವರು ಮಾತ್ರ ಇಡೀ ಕೇಸನ್ನೇ ಕೆಡಿಸಿಕೊಳ್ಳುತ್ತಾರೆ. ಆಸ್ಪತ್ರೆಯ ಸೀಲು, ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ ಎಲ್ಲವನ್ನೂ ಎದುರಿನವರು ನೋಡುತ್ತಾರೆ.

ಮಾನಸಿಕ ಕಾಯಿಲೆಯಿಂದ ಮನೆಗೆ ಬಂದವರ ಕಡತಗಳು ವಿಶೇಷ ಗಮನ ಕೇಳುತ್ತವೆ. ಸ್ಕಿಜೋಫ್ರೇನಿಯಾ ಇರುವ ಮನುಷ್ಯ ತಾರೀಖು ನೆನಪಿಟ್ಟು ಅಪೀಲು ಹಾಕಬೇಕಿತ್ತು ಎಂದು ನಿರೀಕ್ಷಿಸುವುದೇ ಅನ್ಯಾಯ. ಯಾವ ಕಾಯಿಲೆಗಾಗಿ ಪಿಂಚಣಿ ಕೇಳುತ್ತಿದ್ದಾರೋ ಅದೇ ಕಾಯಿಲೆ ವಿಳಂಬಕ್ಕೂ ಕಾರಣ. ಆದರೂ ಇದನ್ನು ಬಾಯಿಮಾತಿನಲ್ಲಿ ಬಿಡದೆ, ಚಿಕಿತ್ಸೆಯ ಚೀಟಿಗಳನ್ನು ವರ್ಷವಾರು ಜೋಡಿಸಿ, ನೋಡಿಕೊಳ್ಳುತ್ತಿರುವ ಹೆಂಡತಿಯ ಅಥವಾ ತಾಯಿಯ ಅಫಿಡವಿಟ್ ಸೇರಿಸಬೇಕು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಇಂಗ್ಲಿಷ್ ಬಾರದವರು ಸಹಿ ಹಾಕುವಾಗ, ಓದಿ ಕನ್ನಡದಲ್ಲಿ ತಿಳಿಸಲಾಗಿದೆ ಎಂಬ ಸಾಲು ಅಫಿಡವಿಟ್‌ನಲ್ಲಿ ಇರಲೇಬೇಕು.

2020ರಿಂದ 2022ರ ನಡುವಿನ ಪ್ರಕರಣವಾದರೆ ಕೋವಿಡ್ ಲೆಕ್ಕ ಮರೆಯಬೇಡಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಎಲ್ಲ ಕಾಲಮಿತಿಗಳಿಂದ ಹೊರಗಿಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜನವರಿ 10ರಂದು ಆದೇಶಿಸಿದೆ. ಎಂಎಯಲ್ಲಿ ಆ ದಿನಗಳನ್ನು ಕಳೆದೇ ವಿಳಂಬ ತೋರಿಸಬೇಕು.

ವಕೀಲರು ಕೈಕೊಟ್ಟ ಕಡತಗಳೂ ಇವೆ. ಫೀಸು ಕೊಟ್ಟಾಗಿದೆ, ವಕಾಲತ್ತಿಗೆ ಸಹಿ ಆಗಿದೆ, 'ಕೇಸು ಹಾಕಿದ್ದೇನೆ' ಎಂಬ ಮಾತೂ ಬಂದಿದೆ, ಪರಿಶೀಲಿಸಿದರೆ ಬರೀ ಡೈರಿ ನಂಬರ್ ಬಿದ್ದಿರುತ್ತದೆ. ಡೈರಿ ನಂಬರ್ ಎಂದರೆ ಕಾಗದ ಕೌಂಟರ್ ದಾಟಿದೆ ಎಂದಷ್ಟೇ ಅರ್ಥ. ಪುಟ ಸಂಖ್ಯೆ ತಪ್ಪು, ಅನುಬಂಧ ಓದಲಾಗುವುದಿಲ್ಲ, ಎಂಎ ಇಲ್ಲ, ಪ್ರತಿವಾದಿಗಳ ಪಟ್ಟಿ ಸರಿಯಿಲ್ಲ ಎಂದು ರಿಜಿಸ್ಟ್ರಿ ಆಕ್ಷೇಪ ಹಾಕಿ, ಸರಿಪಡಿಸಲು ಕೊಟ್ಟ ಸಮಯದಲ್ಲಿ ಯಾರೂ ತಲೆ ಹಾಕದಿದ್ದರೆ ಅರ್ಜಿ ನೋಂದಣಿಯೇ ಆಗುವುದಿಲ್ಲ. ಆದ್ದರಿಂದ ವಕೀಲರನ್ನು ಕೇಳಬೇಕಾದ್ದು 'ಓಎ ನಂಬರ್ ಎಷ್ಟು, ಯಾವ ವರ್ಷದ್ದು' ಎಂದು. ನಂಬರ್ ಸಿಕ್ಕ ಮೇಲೆ ನ್ಯಾಯಮಂಡಳಿಯ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ವಕೀಲರ ತಪ್ಪಿಗೆ ಕಕ್ಷಿದಾರ ಬಲಿಯಾಗಬಾರದು ಎಂಬ ಮಾತು 1981ರ ರಫೀಕ್ ತೀರ್ಪಿನಲ್ಲಿದೆ, ಆದರೆ ಅದರ ನೆರಳಿಗೆ ಹೋಗಬೇಕಾದರೆ ವಕಾಲತ್ತಿನ ತಾರೀಖು, ಹಣ ಕಳಿಸಿದ ಬ್ಯಾಂಕ್ ವಿವರ, ಕೇಳಿದ ವಾಟ್ಸಾಪ್ ಸಂದೇಶಗಳು ಕೈಯಲ್ಲಿರಬೇಕು.

ಪ್ರತಿವಾದಿಗಳು ಸಾಮಾನ್ಯವಾಗಿ ನಾಲ್ವರು: ರಕ್ಷಣಾ ಸಚಿವಾಲಯದ ಕಾರ್ಯದರ್ಶಿಯ ಮೂಲಕ ಭಾರತ ಸರ್ಕಾರ, ಸೇನಾ ಮುಖ್ಯಸ್ಥರು, ರೆಕಾರ್ಡ್ಸ್ ಅಧಿಕಾರಿ, ಪ್ರಯಾಗರಾಜ್‌ನ ಪಿಂಚಣಿ ಮಂಜೂರು ಮಾಡುವ ಪಿಸಿಡಿಎ ಕಚೇರಿ. ಅಂಚೆಯಲ್ಲಿ ಕಳಿಸಿದರೆ ರಿಜಿಸ್ಟ್ರಾರ್ ಕಚೇರಿಗೆ ತಲುಪಿದ ದಿನವೇ ಸಲ್ಲಿಸಿದ ದಿನ. ಪೋಸ್ಟ್ ಮಾಡಿದ ದಿನ ಲೆಕ್ಕಕ್ಕಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕೂತವರಿಗೆ: ಅಂಗವಿಕಲರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗಬೇಕು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12 ಹೇಳುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಕಾಯ್ದೆಯ ಪ್ರಕಾರ ಖುದ್ದಾಗಿ ವಾದಿಸುವುದಕ್ಕೂ ಅವಕಾಶವಿದೆ.

ಇನ್ನು ಹಣದ ಮಾತು. ತರ್ಸೇಮ್ ಸಿಂಗ್ ಎಂಬ ಸೈನಿಕ 1983ರಲ್ಲಿ ಅನಾರೋಗ್ಯದ ಕಾರಣ ಸೇನೆಯಿಂದ ಹೊರಬಂದವರು, ಹೈಕೋರ್ಟಿಗೆ ಹೋದದ್ದು 1999ರಲ್ಲಿ. 2008ರ ಆಗಸ್ಟ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿಯನ್ನು ಮುಂದುವರಿಯುವ ಅನ್ಯಾಯದ ಲೆಕ್ಕಕ್ಕೆ ಸೇರಿಸಿ, ಇಷ್ಟು ತಡವಾದರೂ ಪರಿಹಾರ ಕೊಡಬಹುದು ಎಂದಿತು. ಆದರೆ ಹಿಂಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಕತ್ತರಿಸಿತು. ವಿಳಂಬದ ಕೇಸುಗಳಲ್ಲಿ ಸರ್ಕಾರದ ವಕೀಲರು ಎತ್ತಿ ಹಿಡಿಯುವುದು ಈ ತೀರ್ಪನ್ನೇ. ಇದರ ಅರ್ಥ ಏನೆಂದರೆ, ಮೂರು ವರ್ಷದ ಆ ಕಿಟಕಿ ನೀವು ಅರ್ಜಿ ಹಾಕುವ ದಿನಕ್ಕೆ ಕಟ್ಟಿಕೊಂಡಿದೆ. 2010ರಲ್ಲಿ ಬಿಡುಗಡೆಯಾದವರು 2025ರ ಜನವರಿಯಲ್ಲಿ ಅರ್ಜಿ ಹಾಕಿದರೆ 2022ರ ಜನವರಿಯಿಂದ ಹಿಂಬಾಕಿ ಸಿಕ್ಕೀತು, ಜುಲೈನಲ್ಲಿ ಹಾಕಿದರೆ 2022ರ ಜುಲೈನಿಂದ. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಅಂಗವೈಕಲ್ಯ ಅಂಶ ಎಂಬುದು ಲೆಕ್ಕ. ಶೇ 20 ಎಂದು ಬೋರ್ಡ್ ಬರೆದದ್ದು ಶೇ 50ಕ್ಕೆ ಏರಿಸಲ್ಪಟ್ಟರೆ ಅದು ಶೇ 15. ಲೆಕ್ಕಕ್ಕೆ ಹಿಡಿಯುವ ವೇತನ 40,000 ರೂಪಾಯಿ ಎಂದರೆ ತಿಂಗಳಿಗೆ 6,000, ಮೇಲೆ ತುಟ್ಟಿ ಪರಿಹಾರ. ಇನ್ನೊಂದು ರಿಮೈಂಡರ್ ಕಳಿಸಿ ಆರು ತಿಂಗಳು ಕಾದರೆ 36,000 ಹೋಯಿತು, ಅದು ಮತ್ತೆ ಬರುವುದಿಲ್ಲ. ಶೇ 20ನ್ನು ಶೇ 50ಕ್ಕೆ ಹೀಗೆ ಏರಿಸುವುದಕ್ಕೆ ಬ್ರಾಡ್ ಬ್ಯಾಂಡಿಂಗ್ ಎನ್ನುತ್ತಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದು 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಹೇಳಿತು. ಓಎಯ ಕೋರಿಕೆಯಲ್ಲಿ ಇದನ್ನು ಪ್ರತ್ಯೇಕವಾಗಿ ಕೇಳಿರಬೇಕು. 2023ರ ಸೆಪ್ಟೆಂಬರ್ 21ರ ನಂತರ ಬಿಡುಗಡೆಯಾದವರಿಗೆ ಹೊಸ ಅರ್ಹತಾ ನಿಯಮಗಳಿವೆ, ಅವರು ಈ ಲೆಕ್ಕವನ್ನು ಹಾಗೆಯೇ ಹಿಡಿಯಬಾರದು.

ಎಂಎಯ ವಿಚಾರಣೆಯಲ್ಲಿ ಪೀಠ ವಿಳಂಬದ ಜೊತೆಗೆ ಕೇಸಿನಲ್ಲಿ ಹುರುಳಿದೆಯೇ ಎಂದೂ ಕಣ್ಣಾಡಿಸುತ್ತದೆ. ಭರ್ತಿಯಾಗುವಾಗ ಕಾಯಿಲೆಯ ನಮೂದು ಇಲ್ಲದಿದ್ದರೆ ಸೈನಿಕ ಆರೋಗ್ಯವಾಗಿದ್ದ ಎಂದೇ ಭಾವಿಸಬೇಕು, ಸೇವೆಗೆ ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಇಲಾಖೆಯದು, ಬೋರ್ಡ್ ಕಾರಣ ಬರೆಯಲೇಬೇಕು ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳುತ್ತದೆ. ಭರ್ತಿಯ ವೈದ್ಯಕೀಯ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಎಂದದ್ದು ಇದಕ್ಕಾಗಿ. ನಡಾವಳಿಯಲ್ಲಿ ಕಾರಣದ ಜಾಗದಲ್ಲಿ ಬರೀ 'ದೇಹಪ್ರಕೃತಿಯಿಂದ ಬಂದ ಕಾಯಿಲೆ' ಎಂದೋ 'ಶಾಂತಿ ಪ್ರದೇಶದಲ್ಲಿ ಆರಂಭ' ಎಂದೋ ಒಂದೇ ಸಾಲು ಇದ್ದರೆ, ಆ ಪುಟವನ್ನು ಎಂಎಗೂ ಲಗತ್ತಿಸಿ.

ಒಳಗೆ ಹೋದ ಮೇಲೂ ಗಡುವುಗಳು ಬಿಡುವುದಿಲ್ಲ. ಕರೆದ ದಿನ ಯಾರೂ ಹಾಜರಾಗದೆ ಅರ್ಜಿ ವಜಾ ಆದರೆ ಮರುಸ್ಥಾಪನೆಗೆ 30 ದಿನ. ಆದೇಶದಲ್ಲಿ ಕಣ್ತಪ್ಪು ಇದ್ದರೆ ಪ್ರತಿ ಕೈಗೆ ಬಂದ 30 ದಿನದೊಳಗೆ ಪುನರ್‌ಪರಿಶೀಲನೆ. ಸುಪ್ರೀಂ ಕೋರ್ಟಿಗೆ ಹೋಗುವ ಅನುಮತಿಯನ್ನು ನ್ಯಾಯಮಂಡಳಿಯಲ್ಲೇ 30 ದಿನದೊಳಗೆ ಕೇಳಬೇಕು, ಮೇಲ್ಮನವಿಗೆ 90 ದಿನ. ಅಲ್ಲಿಯೂ ಅವಧಿ ವಿಸ್ತರಿಸಲು ಸೆಕ್ಷನ್ 32ರಲ್ಲಿ ಅವಕಾಶವಿದೆ. ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು ಎಂಬುದನ್ನು 2023ರ ಮಾರ್ಚ್ 21ರ ಪರಶೋತ್ತಮ್ ದಾಸ್ ತೀರ್ಪು ಸ್ಪಷ್ಟಪಡಿಸಿದೆ.

ಗೆದ್ದ ಆದೇಶದ ದೃಢೀಕೃತ ಪ್ರತಿಯನ್ನು ರೆಕಾರ್ಡ್ಸ್‌ಗೂ ಪ್ರಯಾಗರಾಜ್‌ಗೂ ಸ್ಪೀಡ್ ಪೋಸ್ಟ್‌ನಲ್ಲಿ ನೀವೇ ಕಳಿಸಿ, ಅವರಾಗಿ ತರಿಸಿಕೊಳ್ಳುತ್ತಾರೆ ಎಂದು ಕಾಯಬೇಡಿ. ಆದೇಶದಲ್ಲಿ ಹೇಳಿದ ಅವಧಿ ಮುಗಿದರೂ ಹಣ ಬರದಿದ್ದರೆ ಆದೇಶ ಜಾರಿ ಮಾಡಿಸಿ ಎಂದು ಎಕ್ಸಿಕ್ಯೂಷನ್ ಅರ್ಜಿ ಹಾಕಬೇಕು. ತಿದ್ದುಪಡಿಯಾದ ಪಿಂಚಣಿ ಆದೇಶ, ಅಂದರೆ ಪಿಪಿಓ, ರಕ್ಷಣಾ ಪಿಂಚಣಿಯ ವೆಬ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಕಾಣಿಸಿಕೊಂಡಾಗ ಮೂರು ಕಾಲಂ ನೋಡಿ: ಶೇಕಡಾವಾರು ಎಷ್ಟು, ಯಾವ ದಿನದಿಂದ, ಜೀವನಪರ್ಯಂತವೋ ನಿಗದಿತ ಅವಧಿಗೋ. ಆದೇಶದಲ್ಲಿ ಶೇ 50 ಎಂದಿದ್ದು ಪಿಪಿಓದಲ್ಲಿ ಶೇ 20 ಎಂದು ಬಂದಿದ್ದರೆ, ಆರಂಭದ ದಿನ ಮುಂದಕ್ಕೆ ಜಾರಿದ್ದರೆ, ಆ ವಾರವೇ ಆದೇಶದ ಪ್ಯಾರಾ ಸಂಖ್ಯೆ ನಮೂದಿಸಿ ರೆಕಾರ್ಡ್ಸ್‌ಗೆ ಬರೆಯಿರಿ, ಒಂದು ಪ್ರತಿ ವಕೀಲರಿಗೂ ಕೊಡಿ.